ಅಕ್ಕನ ಎಡಗಡೆ

ಮಗ್ಗ ನಿಂತ ದಿನ ಬಂತೆಂದರೆ ನನಗೆ ಬೆಳಗಿನಿಂದಲೇ ಅಂಜಿಕೆ. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ವಾರಕ್ಕೊಂದು ದಿನ ಕರೆಂಟು ತೆಗೆಯುತ್ತಿದ್ದರು. ನಮ್ಮ ಓಣಿಗೆ ಅದೇ ರಜೆ, ಅದೇ ಸುಟ್ಟಿ. ಉಳಿದ ದಿನ ಅಡುಗೆಮನೆ ಗೋಡೆಯ ಆಚೆ ಶೇಠನ ಮಗ್ಗದ ಶೆಡ್ಡು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಲೆಯ ಮೇಲಿನ ಚಹಾದ ಪಾತ್ರೆ ನಡುಗುತ್ತಿತ್ತು. ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ತಾನಾಗಿಯೇ ಸರಿದು ಅಂಚಿಗೆ ಬರುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಪೂಜೆಗೆ ಕೂತಾಗಲೆಲ್ಲ ಅದನ್ನು ಬೈದು ಹಿಂದಕ್ಕೆ ತಳ್ಳುತ್ತಿದ್ದಳು. ಅಂಥ ಸಪ್ಪಳದಲ್ಲಿ ನಯವಾಗಿ ಮಾತಾಡಲು ಯಾರಿಗೆ ಪುರುಸೊತ್ತು? "ನೀರು" ಅಂದರೆ ನೀರು ಕೊಡಬೇಕು, "ಸಾಕು" ಅಂದರೆ ಬಡಿಸುವುದು ನಿಲ್ಲಿಸಬೇಕು. ಮಾತು ಕೇಳಿಸದಿದ್ದರೆ ತುಟಿ ನೋಡಬೇಕು, ತುಟಿ ಕಾಣದಿದ್ದರೆ ಕೈಸನ್ನೆ ನೋಡಬೇಕು. ಆ ಮನೆಯಲ್ಲಿ ನನಗೇನೂ ಕಷ್ಟವಿರಲಿಲ್ಲ. ನಾನೂ ಎಲ್ಲರ ಹಾಗೇ ಇದ್ದೇನೆ ಅಂತ ತಿಳಿದುಕೊಂಡಿದ್ದೆ.

ಕರೆಂಟು ಹೋಯಿತೋ, ಎಲ್ಲರ ಬಾಯಿಗೂ ಬೆಲ್ಲ ಹಚ್ಚಿದ ಹಾಗಾಗುತ್ತಿತ್ತು. ಸುಟ್ಟಿಯ ದಿನವೇ ಬೀಗರು ಬರಬೇಕು, ಊರಿನವರು ಬರಬೇಕು, ಓಣಿಯವರು ಒಬ್ಬರ ಮನೆ ಕಟ್ಟೆಗೆ ಒಬ್ಬರು ಹೋಗಿ ಕೂರಬೇಕು. ಬುಟ್ಟಿಯಲ್ಲಿ ಒಂದು ರೊಟ್ಟಿ ಇಲ್ಲದಿದ್ದರೂ ಅವ್ವ ಬಾಗಿಲಿಗೆ ಬಂದವರಿಗೆ "ಬರ್ರಿ, ಊಟಾ ಮಾಡ್ರಿ" ಅನ್ನುತ್ತಿದ್ದಳು. ಹಸಿದು ಕಂಗಾಲಾಗಿ ಬಂದವರು "ಈಗರೆ ಆತ್ರಿ" ಅನ್ನುತ್ತಿದ್ದರು. ಇಬ್ಬರಿಗೂ ಗೊತ್ತು, ಇಬ್ಬರೂ ನಗುತ್ತಿದ್ದರು. ನನಗೆ ಮಾತ್ರ ಇದು ಯಾವ ಆಟ ಅಂತ ತಿಳಿಯುತ್ತಿರಲಿಲ್ಲ. "ರೊಟ್ಟಿ ಮುಗದಾವಲ್ಲವ್ವ" ಅಂತ ನಡುವೆ ನಿಂತು ಹೇಳುತ್ತಿದ್ದೆ. ಬುಟ್ಟಿ ತಂದು ತೋರಿಸಿದ್ದೂ ಉಂಟು.

ಎದುರುಮನೆಯ ಕಾಕೂ ಮರಾಠಿಯವರು. ಕೈ ಬಿಚ್ಚಿ ಕೊಡುವ ಹೆಂಗಸು. ಏನು ಮಾಡಿದರೂ ಒಂದು ವಾಟಿ ತುಂಬಿ ನಮ್ಮ ಮನೆಗೆ. ಒಮ್ಮೆ ಶಿರಾ ತಂದುಕೊಟ್ಟು, ನಾನು ತಿನ್ನುವುದನ್ನೇ ನೋಡುತ್ತ ಕೇಳಿದರು.

"ಕಸಾ ಝಾಲಾಯ ಗ, ಶೈಲಾ?"

"ತೂಪ ಖರಾಬ ಝಾಲಂಯ, ಕಾಕೂ," ಅಂದೆ. ಹೇಗಾಗಿದೆ ಅಂತ ಕೇಳಿದರು, ತುಪ್ಪ ಕೆಟ್ಟಿದೆ ಅಂತ ಹೇಳಿದೆ.

ಆಯಿ ಅದೇ ಶಿರಾವನ್ನು ಬಾಯಲ್ಲಿಟ್ಟುಕೊಂಡು "ಭಾಳ ಛಲೋ ಆಗೇತ್ರಿ" ಅನ್ನುತ್ತಿದ್ದಳು. ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಹೊರಟುಹೋದರು. ಅವರು ದಾಟಿದ್ದೇ ತಡ, ಆಯಿ ಮೋರಿಗೆ ಹೋಗಿ ಉಗುಳಿ ಬಂದು ನನ್ನ ಕಿವಿ ಹಿಂಡಿದಳು. "ನೀನೂ ಉಗುಳಿದಿ" ಅಂದೆ. ಅದಕ್ಕೆ ಅವ್ವನಿಂದ ಬೇರೆ ಏಟು. ಬಹಳ ದಿನ ಎದುರುಮನೆಯಿಂದ ವಾಟಿ ಬರಲಿಲ್ಲ. ನನಗೆ ಶಿರಾ ಇಲ್ಲದ ದುಃಖಕ್ಕಿಂತ, ನಾನು ಏನು ಮಾಡಿದೆ ಅಂತ ತಿಳಿಯದ ದುಃಖ ಹೆಚ್ಚಾಗಿತ್ತು. ಕಾಕೂ ನಗುತ್ತ ಹೋದವರು ಸಿಟ್ಟಾಗಿದ್ದು ಯಾವಾಗ?

ಆಗ ಅವ್ವ ನನಗೆ ಪಾಠ ಕಲಿಸಿದಳು.

"ಯಾರರೆ ಮಾತಾಡಿಸಿದ್ರ ಮೂರ ಮಾತು. 'ಆರಾಮ ಅದೀನ್ರಿ.' 'ಊಟ ಆಗೇತ್ರಿ.' 'ಗೊತ್ತಿಲ್ರಿ.' ಇದರ ಮ್ಯಾಲ ಬಾಯಿ ಬಿಟ್ಟಿ ಅಂದ್ರ ನಾಲಿಗಿ ಸುಡತೇನಿ ನೋಡ."

ನಾನು ಮೂರನ್ನೂ ಬಾಯಿಪಾಠ ಮಾಡಿಕೊಂಡೆ. ನಾಲ್ಕನೆಯದು ತಪ್ಪಿ ಬಂದ ದಿನ, ಅವ್ವ ಇಕ್ಕಳ ಕಾಯಿಸಲು ಇಟ್ಟಿದ್ದಾಳೇನೋ ಅಂತ ಹೋಗಿ ಒಲೆ ನೋಡಿ ಬರುತ್ತಿದ್ದೆ. ಅವ್ವ ಸುಡುವವಳಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ನನ್ನನ್ನು ಬಿಟ್ಟು. ಕಡೆಗೆ ಅವಳಿಗೂ ಸಾಕಾಗಿ, ಹೊರಗಿನವರು ಬರುವ ದಿನ ನನ್ನನ್ನು ಶೆಡ್ಡಿಗೋ ಕಾಕೂ ಮನೆಗೋ ಅಟ್ಟಿಬಿಡುತ್ತಿದ್ದಳು. ಇದೇ ವಿಷಯಕ್ಕೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪನಿಗೂ ಅವ್ವನಿಗೂ ಹತ್ತಿಕೊಂಡಿತು.

"ಸುಳ್ಳ ಹೇಳೂದಿಲ್ಲಲಾ ಹುಡಿಗಿ. ಅದಕ್ಯಾಕ ಬಡೀತಿ?" ಅಂದ ಅಪ್ಪ.

"ಒಂದ ಸುಳ್ಳ ಹೇಳಾಕ ಬರದಾಕೀನ ಯಾರ ಮನಿಗಿ ಕೊಡತೀರಿ? ನೀವ ಇಟಗೊಂಡ ಕುಂದ್ರತೀರೇನ ಸಾಯೂತನಾ?"

ಅಪ್ಪ ತಾಟು ಮುಂದಕ್ಕೆ ಸರಿಸಿ ಝುಣಕಾ ಹಾಕಿಸಿಕೊಂಡ. ನಾನು ಅಲ್ಲೇ ಕೂತಿದ್ದೆ. ನನ್ನ ಬಗ್ಗೆ ನನ್ನೆದುರಿಗೇ ಮಾತಾಡಿದರೆ ನನಗೆ ತಿಳಿಯುವುದಿಲ್ಲ ಅಂತ ಅವರಿಗೆ ಅನ್ನಿಸಿತ್ತೋ ಏನೋ. ಚೆನ್ನಾಗಿಯೇ ತಿಳಿಯಿತು. ನಾನು ಈ ಮನೆಗೆ ಅವಮಾನ ತರುವ ಮಗಳು ಅನ್ನುವುದು ಅವತ್ತಿನ ರೊಟ್ಟಿಯ ಜೊತೆಗೇ ಒಳಗೆ ಇಳಿಯಿತು, ಇನ್ನೂ ಪೂರಾ ಹೊರಗೆ ಬಂದಿಲ್ಲ.

ಅಕ್ಕ ಕಸ್ತೂರಿ ನನಗಿಂತ ಬಹಳ ದೊಡ್ಡವಳು, ನನ್ನನ್ನು ಟೊಂಕದ ಮೇಲೆ ಎತ್ತಿಕೊಂಡು ಬೆಳೆಸಿದವಳು. ಶಾಲೆ ಬಿಟ್ಟ ಮೇಲೆ ಅದೇ ಶೆಡ್ಡಿನಲ್ಲಿ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ಲಾಳಿಯ ಹೊಟ್ಟೆಯಲ್ಲಿಡುವ ನೂಲನ್ನು ಸುತ್ತಿ ಕೊಡುವ ಕೆಲಸ. ಅವಳು ಕೂರುವ ಜಾಗ ಎಂಥದ್ದೆಂದರೆ ಎಡಗಡೆಗೆ ಸದಾ ಮಗ್ಗ, ಬಲಗಡೆಗೆ ಗೋಡೆ. ಹೀಗಾಗಿ ಎಡಗಿವಿ ಮೆಲ್ಲಗೆ ಮಂದವಾಗುತ್ತ ಬಂದು ಪೂರ್ತಿ ಹೋಗಿಬಿಟ್ಟಿತ್ತು. ನಮ್ಮ ಓಣಿಯಲ್ಲಿ ಇದನ್ನು ಯಾರೂ ರೋಗ ಅನ್ನುತ್ತಿರಲಿಲ್ಲ. ಅಪ್ಪನಿಗೆ ಎರಡೂ ಕಿವಿ ಅಷ್ಟಕ್ಕಷ್ಟೇ. ಪಕ್ಕದ ಮನೆಯವನನ್ನು ಬಲಗಡೆಯಿಂದ ಕೂಗಿದರೆ ಎಡಗಡೆಗೆ ತಿರುಗಿ ಓ ಅನ್ನುತ್ತಿದ್ದ. ಹಾಲುಹಲ್ಲು ಬೀಳುವ ಹಾಗೆ ದೊಡ್ಡವರಾದ ಮೇಲೆ ಒಂದು ಕಿವಿ ಹೋಗುತ್ತದೆ, ಲೋಕದಲ್ಲಿ ಎಲ್ಲರಿಗೂ ಹಾಗೇ ಅಂತ ನಾನು ನಂಬಿದ್ದೆ. ಕಂಡಿಕೆ ಮಷೀನಿನ ಪಕ್ಕ ಬೆಳೆದ ಮಗುವಿಗೆ ಬೇರೆ ಏನು ತಿಳಿಯಬೇಕು?

ಅಕ್ಕನ ಎಡಗಡೆ ನನ್ನ ಜಾಗ. ಪೇಟೆಗೆ ಹೋಗುವಾಗ ನಾನು ಆ ಕಡೆಗೇ ನಡೆಯಬೇಕು. ಹಿಂದಿನಿಂದ ಸೈಕಲ್ಲು ಬಂದರೆ, ಯಾರಾದರೂ ಕರೆದರೆ, ಮಣಿಕಟ್ಟು ಒತ್ತಬೇಕು. ಅಕ್ಕ ತಲೆ ತಿರುಗಿಸುತ್ತಾಳೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ, ಹಾಗೇ ಬಂದುಬಿಟ್ಟಿತ್ತು. ಮನೆಯಲ್ಲಿ ನನ್ನ ಬಾಯಿಗೆ ಹೆದರದವಳೂ ಅವಳೊಬ್ಬಳೇ. "ಶೈಲಿ, ಈ ಸೀರಿ ಹೆಂಗ ಕಾಣತೈತಿ? ಖರೇ ಹೇಳ" ಅನ್ನುತ್ತಿದ್ದಳು. "ಮುದಿಕಿಗತೆ ಕಾಣತಿ" ಅಂದರೆ ನಕ್ಕು ಬದಲಾಯಿಸುತ್ತಿದ್ದಳು. ನಾನು ಹೇಳಿದ್ದರಿಂದ ಒಬ್ಬರಿಗೆ ಉಪಯೋಗವಾಯಿತು ಅನ್ನುವ ಸಂತೋಷ ಆ ಮನೆಯಲ್ಲಿ ನನಗೆ ಸಿಕ್ಕಿದ್ದು ಅಲ್ಲಿ ಮಾತ್ರ.

ದತ್ತವಾಡದಿಂದ ಅಕ್ಕನನ್ನು ನೋಡಲು ಬರುತ್ತಾರೆ ಅಂತ ಸುದ್ದಿ ಬಂದಾಗ ಅಪ್ಪ ನೆಲದ ಮೇಲಿರಲಿಲ್ಲ. ಕಬ್ಬು ಬೆಳೆಯುವ ಮನೆತನ, ನಮ್ಮ ಹಾಗೆ ಕನ್ನಡ ಮಾತಿನವರೇ. ಅದಕ್ಕೂ ಮುಂಚೆ ಅಕ್ಕನ ಕಿವಿ ನೋಡಿದ ಡಾಕ್ಟರು, ಈ ಹುಡುಗಿಯನ್ನು ಶೆಡ್ಡಿನಿಂದ ಬಿಡಿಸದಿದ್ದರೆ ಇನ್ನೊಂದು ಕಿವಿಯೂ ಹೋಗುತ್ತದೆ ಅಂತ ಅಪ್ಪನಿಗೆ ಹೇಳಿ ಕಳಿಸಿದ್ದರು. ಬಿಡಿಸಿದರೆ ಮನೆ ನಡೆಯುವುದು ಹೇಗೆ? ಮದುವೆಯಾಗಿ ಹೋದರೆ ಮಾತ್ರ ಅವಳು ಆ ಜಾಗದಿಂದ ಏಳುವುದು.

"ಹೊಲದಾಗಿನ ಮನಿ. ಗಾಳಿ ಬಿಟ್ರ ಒಂದ ಸಪ್ಪಳ ಇಲ್ಲ ನೋಡ ಅಲ್ಲೆ," ಅಂತ ಅಪ್ಪ ಆಯಿಗೆ ಹೇಳುತ್ತಿದ್ದ. ಅದನ್ನು ಅವನು ಮತ್ತೆ ಮತ್ತೆ ಹೇಳಿದ.

ಒಂದೇ ತೊಡಕು. ನೋಡಲು ಬಂದಾಗ ಹುಡುಗಿ ತಲೆ ತಗ್ಗಿಸಿ ಕೂರಬೇಕು. ಎತ್ತಿ ನೋಡಿದರೆ ದಿಟ್ಟೆ ಅನ್ನುತ್ತಾರೆ. ಮಗ್ಗದ ಮನೆಯವರು ಅರ್ಧ ಮಾತು ಕೇಳುವುದು ಕಣ್ಣಿನಿಂದ. ತಲೆ ತಗ್ಗಿಸಿದರೆ ಅಕ್ಕನಿಗೆ ತುಟಿ ಕಾಣುವುದಿಲ್ಲ, ಎಡಗಡೆ ಕೂತು ಯಾರಾದರೂ ಮೆಲ್ಲಗೆ ಕೇಳಿದರೆ ತಿಳಿಯುವುದೂ ಇಲ್ಲ. ಅವ್ವ ಎಂದಿನಂತೆ ನನ್ನನ್ನು ಕಾಕೂ ಮನೆಗೆ ಅಟ್ಟುವವಳಿದ್ದಳು. ಅಕ್ಕ ಅಡ್ಡ ಬಂದಳು.

"ಶೈಲಿ ನನ್ನ ಎಡಕ್ಕ ಕುಂದರಬೇಕು. ಇಲ್ಲಂದ್ರ ನಾ ಹೊರಗ ಬರೂದಿಲ್ಲ."

"ಆಕೀನ ಕುಂದರಸಕೊಂಡ ಮದವಿ ಆಗತೈತೇನ ನಿಂದು?" ಅಂದಳು ಅವ್ವ.

"ಬಾಯಿ ತಗಿಯೂದಿಲ್ಲ ಆಕಿ. ಕೈ ಅಷ್ಟ. ಹೌದಿಲ್ಲ ಶೈಲಿ?"

ಹೌದು ಅಂದೆ. ಎರಡು ದಿನ ಇಬ್ಬರೂ ಜಮಖಾನೆಯ ಮೇಲೆ ಕೂತು ರೂಢಿ ಮಾಡಿಕೊಂಡೆವು. ನಾನು ಒತ್ತಿದ ಕೂಡಲೇ ಅಕ್ಕ ಒಂದೇ ಒಂದು ಸಲ ಕಣ್ಣೆತ್ತಿ, ನಾಚಿದವಳ ಹಾಗೆ ತುಟಿ ನೋಡಿಕೊಂಡು, ಮತ್ತೆ ತಗ್ಗಿಸಿ ಉತ್ತರ ಹೇಳಬೇಕು. ಎಷ್ಟು ನಗಬೇಕು ಅನ್ನುವುದನ್ನು ಕಾಕೂ ಬಂದು ಕಲಿಸಿಕೊಟ್ಟರು. ಹೊರಗಿನವರ ಮುಂದೆ ನನಗೊಂದು ಕೆಲಸ ಸಿಕ್ಕಿತ್ತು. ಹೆಮ್ಮೆಯಿಂದ ಆ ದಿನ ನಾನೇ ಎದ್ದು ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡೆ.

ಬಂದವರು ಹುಡುಗ, ಅವನ ತಾಯಿ, ಸೋದರಮಾವ. ಅವಲಕ್ಕಿ ಕಾಕೂ ಮಾಡಿದ್ದು. "ಎಲ್ಲಾ ಕಸ್ತೂರಿನ ಮಾಡ್ಯಾಳ್ರಿ" ಅಂದಳು ಅವ್ವ. ನಾನು ತುಟಿ ಕಚ್ಚಿ ಹಿಡಿದುಕೊಂಡು ಆ ಮಾತನ್ನು ದಾಟಿಸಿದೆ, ದಾಟಿಸಿದ್ದಕ್ಕೆ ಅವ್ವ ನನ್ನತ್ತ ನೋಡಿ ತಲೆಯಾಡಿಸಿದಳು ಕೂಡ. ಹುಡುಗನ ತಾಯಿ ಬಂದು ಕೂತದ್ದು ಸರಿಯಾಗಿ ಎಡಗಡೆಗೆ, ನನ್ನ ಪಕ್ಕಕ್ಕೆ. ಮೆತ್ತನ್ನ ದನಿಯ ಹೆಂಗಸು. ಜೀವನದಲ್ಲಿ ಯಾವತ್ತೂ ಕೂಗಿ ಮಾತಾಡುವ ಪ್ರಸಂಗ ಬಂದವಳಲ್ಲ. ಹೆಸರೇನು ಅಂತ ಕೇಳಿದಳು. ನಾನು ಒತ್ತಿದೆ, ಅಕ್ಕ ಕಣ್ಣೆತ್ತಿ ಹೇಳಿದಳು. ರೊಟ್ಟಿ ಬಡಿಯಲು ಬರುತ್ತದೇನು ಅಂತ ಕೇಳಿದಳು, ಒತ್ತಿದೆ, ಹೇಳಿದಳು. ಹುಡುಗ ಅಕ್ಕನ ದನಿ ಕೇಳಿ ಮೀಸೆಯಲ್ಲೇ ನಕ್ಕ. ಅಪ್ಪನ ಮುಖ ಅಷ್ಟು ಹಗುರವಾಗಿದ್ದನ್ನು ನಾನು ಹಬ್ಬದ ದಿನವೂ ಕಂಡಿರಲಿಲ್ಲ. ಆಗ ಆ ತಾಯಿಯ ಕಣ್ಣು ನನ್ನ ಕೈ ಮೇಲೆ ಬಿತ್ತು.

"ಯಾಕವ್ವ ತಂಗಿ, ಅಕ್ಕನ ಕೈ ಒಂದ ಸವನ ಒತ್ತಾಕತ್ತಿ?"

ಅಡುಗೆಮನೆಯ ಬಾಗಿಲಲ್ಲಿ ನಿಂತ ಅವ್ವನ ತುಟಿ ಅಲ್ಲಾಡಿತು. 'ಗೊತ್ತಿಲ್ರಿ ಅನ್ನು.' ಸದ್ದಿಲ್ಲದ ಆ ಮಾತನ್ನು ನಾನು ಸ್ಪಷ್ಟವಾಗಿ ಓದಿದೆ. ಮಗ್ಗದ ಮನೆಯ ಮಗಳು, ತಪ್ಪುವ ಮಾತೇ ಇಲ್ಲ. ಆದರೆ ನನಗೆ ಗೊತ್ತಿತ್ತಲ್ಲ. ಗೊತ್ತಿರುವುದನ್ನು ಗೊತ್ತಿಲ್ಲ ಅಂತ ಹೇಗೆ ಅನ್ನುವುದು? ಅದಲ್ಲದೆ ಆ ಹೆಂಗಸಿನ ಮುಖ ಒಳ್ಳೆಯದಿತ್ತು. ಅವಳು ಎದ್ದು ಆ ಕಡೆ ಹೋಗಿ ಕೂತರೆ ಅಕ್ಕನಿಗೆ ಈ ಪೇಚಾಟವೇ ಇಲ್ಲ. ಇಷ್ಟು ಸುಲಭದ್ದು ಯಾರಿಗೂ ಹೊಳೆಯಲಿಲ್ಲವಲ್ಲ ಅಂತ ನನಗೆ ಖುಷಿಯೇ ಆಯಿತು.

"ಅಕ್ಕಗ ಈ ಕಡೆ ಕಿವಿ ಕೇಳೂದಿಲ್ರಿ. ನೀವು ಆ ಕಡೆ ಕುಂತ್ರ ಛಲೋ ಕೇಳತೈತಿ."

ಹೇಳಿದ ಮೇಲೆ ನನ್ನ ಕೆಲಸ ಮುಗಿಯಿತು ಅಂದುಕೊಂಡು ಅಕ್ಕನ ಮಣಿಕಟ್ಟಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

ಆ ತಾಯಿ ಜಾಗ ಬದಲಿಸಲಿಲ್ಲ. ಕೂತಲ್ಲೇ ಮುಂದಕ್ಕೆ ಬಾಗಿ, ಮೊದಲಿನಷ್ಟೇ ಮೆತ್ತಗೆ ಕೇಳಿದಳು.

"ಏ ಯವ್ವಾ ಕಸ್ತೂರಿ, ನಮ್ಮ ಹುಡುಗ ನಿನ್ನ ಮನಸಿಗಿ ಬಂದಾನೇನ?"

ಕರೆಂಟಿಲ್ಲದ ದಿನ. ಆ ಮಾತು ಒಳಗೆ ಚಹಾ ಸೋಸುತ್ತಿದ್ದ ಆಯಿಗೂ ಕೇಳಿಸಿತು. ಅಕ್ಕನಿಗೆ ಕೇಳಿಸಲಿಲ್ಲ. ಅವಳು ಸೀರೆಯ ಅಂಚಿನ ಮೇಲೆ ಕಣ್ಣಿಟ್ಟು, ಕಾಕೂ ಕಲಿಸಿದಷ್ಟೇ ನಗು ಹಿಡಿದುಕೊಂಡು ಕೂತೇ ಇದ್ದಳು. ಆ ತಾಯಿ ಇನ್ನೊಂದು ಸಲ ಕೇಳಿದಳು. ಎಲ್ಲರೂ ಅಕ್ಕನನ್ನೇ ನೋಡುತ್ತಿದ್ದರು. ನನಗೂ ಆಗ ಒತ್ತಬೇಕು ಅಂತ ಹೊಳೆಯಲಿಲ್ಲ. ಯಾರೂ ಮಾತಾಡುತ್ತಿಲ್ಲ ಅನ್ನುವುದು ಅಕ್ಕನಿಗೆ ಹೇಗೋ ತಿಳಿದು ಕಣ್ಣೆತ್ತಿದಳು; ಒಬ್ಬೊಬ್ಬರ ಮುಖವನ್ನೂ ನೋಡಿ, ಕಡೆಗೆ ನನ್ನ ಮಡಿಲಿನಲ್ಲಿದ್ದ ಕೈ ನೋಡಿದಳು. ಆ ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯುವುದನ್ನು ಮರೆತಿದ್ದಳು. ಇದನ್ನು ಬರೆಯುವಾಗಲೂ ನನಗೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಮಾತು ಮುಂದಕ್ಕೆ ಹೋದರೆ ತಾನೇ ಹೇಳುವವನಿದ್ದೆ ಅಂತ ಅಪ್ಪ ತಡವರಿಸಿದ. ಅದು ನಿಜ, ಅವನು ಹೇಳುವವನೇ ಇದ್ದ. "ಇರ್ಲಿ ಬಿಡ್ರಿ" ಅಂದ ಸೋದರಮಾವ. ಅವರು ಒರಟು ಜನ ಅಲ್ಲ. ಅವಲಕ್ಕಿ ಚೆನ್ನಾಗಿದೆ ಅಂದರು, ಚಹಾ ಕುಡಿದರು, ಆ ತಾಯಿ ಅವ್ವನಿಂದ ಕುಂಕುಮ ಹಚ್ಚಿಸಿಕೊಂಡಳು. ಬಾಗಿಲಲ್ಲಿ ನಿಂತು "ತಿಳಸ್ತೇವ್ರಿ" ಅಂದು ಹೋದರು.

ಅವತ್ತು ಅವ್ವ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಮುಗಿಯುತ್ತಿತ್ತು. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಅಕ್ಕ ಚಹಾದ ಕಪ್ಪು-ಬಸಿ ತೊಳೆಯುತ್ತಿದ್ದಾಗ ನಾನೇ ಹೋಗಿ ಅವಳ ಬಲಗಡೆ ಕೂತೆ.

"ನಾ ಹೇಳಬಾರದಿತ್ತೇನಕ್ಕ?"

"ನೀ ಹೇಳತಿ ಅಂತ ಗೊತ್ತ ಇತ್ತ ನನಗ. ಕೇಳಿದ್ರ ಹೇಳಾಕೀನ ನೀನು." ಅಕ್ಕ ಬಸಿ ಬೋರಲು ಹಾಕಿದಳು. "ಕೈ ಯಾಕ ತಗದಿ?"

"ಇನ್ನ ಬ್ಯಾಡ ಅಂತ ತಿಳಕೊಂಡೆ."

ಅಕ್ಕ ಮುಂದಿನ ಬಸಿ ಕೈಗೆ ತೆಗೆದುಕೊಂಡಳು. ನನ್ನ ನಾಚಿಕೆ ಇವತ್ತಿಗೂ ಇರುವುದು ಆ ಪ್ರಶ್ನೆಯಲ್ಲಿ. ಹೇಳಿದ್ದಕ್ಕೆ ನನ್ನಲ್ಲಿ ಕಾರಣಗಳಿವೆ, ಬೇಕಾದರೆ ಬಹಳ ವರ್ಷದ ಮೇಲೆ ನನ್ನ ಬಗ್ಗೆ ಡಾಕ್ಟರು ಬರೆದುಕೊಟ್ಟ ಕಾಗದವೂ ಇದೆ. ಕೈ ತೆಗೆದದ್ದಕ್ಕೆ ಏನೂ ಇಲ್ಲ.

ಸಾಲದ್ದಕ್ಕೆ ನಾನು ದತ್ತವಾಡದವರು ತಿಳಿಸುವುದನ್ನು ಕಾಯತೊಡಗಿದೆ. ತಿಳಿಸುತ್ತೇವೆ ಅಂದಿದ್ದರಲ್ಲ. ಅಪ್ಪ ಪಾಳಿ ಮುಗಿಸಿ, ಮೈತುಂಬ ಹತ್ತಿಯ ಧೂಳು ಮೆತ್ತಿಕೊಂಡು ಬಾಗಿಲು ದಾಟುವಾಗಲೇ "ತಿಳಸಿದ್ರೇನಪ್ಪ?" ಅಂತ ಕೇಳುತ್ತಿದ್ದೆ. "ಇಲ್ಲವ್ವ" ಅನ್ನುತ್ತಿದ್ದ. ಮಾರನೇ ದಿನ ಮತ್ತೆ ಕೇಳುತ್ತಿದ್ದೆ. ಆಯಿ ಗದರಿದರೂ ಬಿಡಲಿಲ್ಲ. ಕಡೆಗೆ ಒಂದು ದಿನ ಶೆಡ್ಡಿಗೆ ಚಹಾ ಒಯ್ದಾಗ ಅಕ್ಕ ಮಷೀನು ನಿಲ್ಲಿಸದೆಯೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಸದ್ದಿನ ನಡುವೆ, ಬರೀ ತುಟಿಯಿಂದ ಹೇಳಿದಳು.

"ಅವರು ಬಂದ ದಿನಾನ ತಿಳಸ್ಯಾರ. ಇನ್ನೊಮ್ಮೆ ಅಪ್ಪನ ಕೇಳಬ್ಯಾಡ."

ಆಮೇಲೆ ಬಂದ ಒಂದೆರಡು ಸಂಬಂಧದ ಮಾತೂ ಮುರಿದವು. ದತ್ತವಾಡದ ಸುದ್ದಿ ಶಿರೋಳದ ಕಡೆಯೆಲ್ಲ ಹರಡಿತ್ತು, ಹರಡುವಾಗ ಒಂದು ಕಿವಿ ಎರಡಾಗಿತ್ತು. ಅಕ್ಕ ಅದೇ ಜಾಗದಲ್ಲಿ ಕಂಡಿಕೆ ಸುತ್ತುತ್ತ ಉಳಿದಳು. ಸುದ್ದಿಯಲ್ಲಿ ಇದ್ದದ್ದು ನಿಧಾನಕ್ಕೆ ಖರೆಯಾಯಿತು, ಬಲಗಿವಿಯೂ ಮಂದವಾಯಿತು. ಪೇಟೆಗೆ ಹೋಗುವಾಗ ಅವಳು ನನ್ನನ್ನು ಕರೆಯುವುದನ್ನು ಬಿಟ್ಟಳು. ಸಿಟ್ಟಿನಿಂದಲ್ಲ, ಒಬ್ಬಳೇ ಹೋಗುವುದನ್ನು ಕಲಿತುಬಿಟ್ಟಿದ್ದಳು. ಬಹಳ ತಡವಾಗಿ ಗಡಹಿಂಗ್ಲಜದ ಒಬ್ಬ ಕಿರಾಣಿ ವ್ಯಾಪಾರಿ, ಹೆಂಡತಿ ತೀರಿಕೊಂಡು ಒಂದು ಮಗುವಿದ್ದವನು, ಎಲ್ಲ ತಿಳಿದೇ ಅವಳನ್ನು ಮಾಡಿಕೊಂಡ. ಕೆಟ್ಟವನಲ್ಲ. ಆ ಮದುವೆಯ ದಿನ ಅವ್ವ ನನ್ನನ್ನು ಅಡುಗೆಯವರ ಹತ್ತಿರ ಕೂರಿಸಿದ್ದಳು.

ನನಗೆ ಮದುವೆಯಾಗಲಿಲ್ಲ. ಕೊಲ್ಲಾಪುರದಲ್ಲಿ ಬಟ್ಟೆಯ ದೋಷ ಹುಡುಕುವ ಕೆಲಸ ಸಿಕ್ಕಿತು. ಬೆಳಕಿನ ಮೇಜಿನ ಮೇಲೆ ಬಟ್ಟೆ ಸರಿದು ಬರುತ್ತದೆ, ಎಳೆ ತಪ್ಪಿದಲ್ಲಿ ಗುರುತು ಹಾಕಬೇಕು. ಅಲ್ಲಿ ನಾನು ಎಲ್ಲರಿಗಿಂತ ಚುರುಕು. ಊಟದ ಬಿಡುವಿನಲ್ಲಿ ಮಾತ್ರ ನನ್ನ ಪಕ್ಕದ ಖುರ್ಚಿ ಖಾಲಿ. ಒಬ್ಬ ಸಹೋದ್ಯೋಗಿ ನನ್ನ ಮಾತಿಗೆ ಅತ್ತುಕೊಂಡು ಹೋಗಿ ದೂರು ಕೊಟ್ಟ ಮೇಲೆ, ಮೇಲಿನವರು ಡಾಕ್ಟರನ್ನು ಕಾಣಲು ಹೇಳಿದರು. ತಲೆ ನೆರೆತ ಮೇಲೆ ನನಗೆ ಆಟಿಸಂ ಅನ್ನುವ ಹೆಸರು ಸಿಕ್ಕಿತು. ಕೆಲವರ ತಲೆ ಹುಟ್ಟಿನಿಂದಲೇ ಹೀಗೆ, ಕೇಳಿದ್ದಕ್ಕೆ ಇದ್ದದ್ದು ಹೇಳುತ್ತಾರೆ, ಮಾತಿನ ಹಿಂದಿನ ಮಾತು ಅವರಿಗೆ ತಾನಾಗಿ ತಿಳಿಯುವುದಿಲ್ಲ, ಅದು ಪೊಗರಲ್ಲ ಅಂತ ಡಾಕ್ಟರು ಸಮಾಧಾನವಾಗಿ ಹೇಳಿದರು. ಬಸ್ಸು ಹತ್ತುವ ತನಕ ಹಗುರಾಗಿದ್ದೆ. ಕೂತ ಮೇಲೆ ದತ್ತವಾಡದ ಆ ತಾಯಿಯ ಮೆತ್ತನ್ನ ದನಿ ನೆನಪಾಗಿ ಮೈಯೆಲ್ಲ ಬಿಸಿಯಾಯಿತು.

ಅಕ್ಕನಿಗೆ ಫೋನಿನಲ್ಲಿ ಮುಖ ಕಾಣಬೇಕು, ತುಟಿ ಓದುವುದಕ್ಕೆ. ವಿಡಿಯೋದಲ್ಲೇ ಈ ಹೆಸರು ಹೇಳಿದೆ. ಅವಳು ಕಾಯಿಪಲ್ಯೆ ಹೆಚ್ಚುವುದನ್ನು ನಿಲ್ಲಿಸಿ ಎರಡು ಸಲ ಹೇಳಿಸಿಕೊಂಡಳು.

"ನೀ ಹಿಂಗ ಅಂತ ಗೊತ್ತ ಇತ್ತಲ್ಲ. ಹೆಸರ ಗೊತ್ತಿದ್ದಿಲ್ಲ ಅಷ್ಟ," ಅಂದಳು.

ಇಷ್ಟೇ ಆಗಿದ್ದರೆ ಈ ಅಧ್ಯಾಯ ಬರೆಯುತ್ತಿರಲಿಲ್ಲ. ಮೊನ್ನೆ ಅಕ್ಕನ ಮಗಳು ನನಗೆ ಸಂದೇಶ ಕಳಿಸಿದ್ದಳು: ಬರುವ ಭಾನುವಾರ ತನ್ನನ್ನು ನೋಡಲು ಬರುತ್ತಾರೆ, ಮೌಶಿ, ನೀನು ಬೇಕೇಬೇಕು. ನಾನು ಅವತ್ತೇ ಸುಟ್ಟಿ ಕೇಳಿದೆ, ಸಿಕ್ಕಿತು. ಹುಡುಗಿಗೆ ಹಸಿರು ಬಳೆ ತಂದಿಟ್ಟೆ. ಸಂಜೆ ಅಕ್ಕನ ವಿಡಿಯೋ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು.

"ಶೈಲಿ, ಐತವಾರ ಬರಾಕತ್ತಾರ. ಮನಿತನ ಭಾಳ ಛಲೋ ಐತಿ." ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. "ನೀ ಅವತ್ತ ಬ್ಯಾಡ. ಮಾತ ಪಕ್ಕಾ ಆದ ಮ್ಯಾಲ ನಾನ ಕರೀತೇನಿ."

ಅವಳು ಹೇಳಿದ್ದು ಸರಿ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ, ಇನ್ನೂ ಒರಟಾಗಿ ಹೇಳುತ್ತಿದ್ದೆ. ಆದರೂ ತಂದಿಟ್ಟ ಬಳೆಯ ಕಡೆಗೆ ಕಣ್ಣು ಹೋಯಿತು. ಈ ವಯಸ್ಸಿನಲ್ಲೂ ನನ್ನನ್ನು ಎದುರುಮನೆಗೆ ಅಟ್ಟಿದ ಹಾಗಾಯಿತು.

"ಮನಸಿಗಿ ಹಚಗೊಂಡಿಯೇನ?" ಅಂದಳು ಅಕ್ಕ. ಫೋನನ್ನು ಹತ್ತಿರ ಹಿಡಿದು ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಇಲ್ಲಕ್ಕ," ಅಂದೆ. "ನನಗೂ ಐತವಾರ ಸುಟ್ಟಿ ಸಿಕ್ಕಿಲ್ಲ. ಹೆಂಗೂ ಬರಾಕ ಆಗ್ತಿದ್ದಿಲ್ಲ."

ಅವಳ ಮುಖ ಸಡಿಲಾಯಿತು. ದೊಡ್ಡ ಉಸಿರು ಬಿಟ್ಟು, ಊಟ ಆಯಿತೇನು ಅಂತ ಕೇಳಿದಳು. ಅಕ್ಕ ನಂಬಿದಳು. ನಾನು ಸುಳ್ಳು ಹೇಳುವವಳಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು.